ಹಸಿರು ಬಾಗಿಲ ಮುಂದಿನ ಸಾಲು

ಗಡಿಯಾರ ಗೋಪುರಕ್ಕೆ ಹೋಗುವ ದಾರಿ ತಪ್ಪಿತ್ತು. ದುವಾರ್ತೆ ಒಂದು ಓಣಿಯ ಹಸಿರು ಬಾಗಿಲ ಮುಂದೆ ನಿಂತು ನಕ್ಷೆ ಬಿಚ್ಚಿದ. ತಲೆ ಎತ್ತಿ ನೋಡಿದರೆ ಬೆನ್ನ ಹಿಂದೆ ಒಬ್ಬ ಮುದುಕಿ ನಿಂತಿದ್ದಳು. ಆಕೆಯ ಹಿಂದೆ ಕೊಡೆ ಹಿಡಿದವನೊಬ್ಬ, ಅವನ ಹಿಂದೆ ಇನ್ನೂ ನಾಲ್ಕು ಜನ. ಲಂಡನ್ನಿನಲ್ಲಿ ಒಬ್ಬ ಸುಮ್ಮನೆ ನಿಂತುಕೊಂಡರೆ ಅದು ಬರೀ ನಿಲ್ಲುವುದಲ್ಲ, ಸಾಲು ಶುರುವಾದಂತೆ.

"ನಾನು ದಾರಿ ನೋಡ್ತಾ ನಿಂತಿದ್ದೆ ಅಷ್ಟೇ ಮೇಡಂ. ನೀವು ಮುಂದೆ ಬನ್ನಿ."

"ಛೆ, ನಿಮ್ಮ ಜಾಗ ನಾನ್ಯಾಕೆ ಕಿತ್ಕೊಳ್ಳಲಿ?" ಮುದುಕಿಗೆ ನೋವೇ ಆಯಿತು. "ನನಗೂ ಹೆತ್ತವರು ಒಂದಿಷ್ಟು ಬುದ್ಧಿ ಕಲಿಸಿದ್ದಾರೆ."

"ಆದ್ರೆ ಇದು ಯಾವುದರ ಕ್ಯೂ?"

ಹಿಂದೆ ಯಾರೋ ಕೆಮ್ಮಿದರು. ಕೊಡೆಯವನು ಆಕಾಶ ನೋಡಿದ. "ಮೊದಲು ನಿಂತೋರೇ ಹೀಗೆ ಕೇಳಿದ್ರೆ ನಮ್ಮ ಗತಿ ಏನಪ್ಪಾ! ಒಳ್ಳೆ ತಮಾಷೆ ಹುಡುಗ," ಎಂದು ಮುದುಕಿ ನಕ್ಕು, ಚೀಲದಿಂದ ಒಂದು ಬಿಸ್ಕತ್ತು ತೆಗೆದುಕೊಟ್ಟಳು.

ಓದಲೆಂದು ಬಂದಿದ್ದ ದುವಾರ್ತೆ ನಾಳೆ ಪೋರ್ಚುಗಲ್‌ಗೆ ವಾಪಸ್ಸು ಹೊರಟಿದ್ದ. ಗ್ರಂಥಾಲಯ, ಬಾಡಿಗೆ ಕೋಣೆ, ಹೋಟೆಲಿನಲ್ಲಿ ಪಾತ್ರೆ ತೊಳೆಯುವ ತೊಟ್ಟಿ, ಒಂದು ವರ್ಷದಲ್ಲಿ ಅವನು ಕಂಡ ಲಂಡನ್ ಇಷ್ಟೇ. ಅಮ್ಮನಿಗೆ ಮಾತ್ರ ಫೋನಿನಲ್ಲಿ ಅರಮನೆ, ಸೇತುವೆ, ಗೋಪುರ ಎಲ್ಲವನ್ನೂ ಬಣ್ಣಿಸಿದ್ದ. ಅದರಲ್ಲಿ ಒಂದನ್ನಾದರೂ ನಿಜ ಮಾಡಲು ಉಳಿದದ್ದು ಈ ಮಧ್ಯಾಹ್ನ. ಹೊರಟುಬಿಡೋಣ ಎಂದುಕೊಂಡ. ಆದರೆ ಈ ಊರಿನಲ್ಲಿ ಯಾರೂ ಅವನನ್ನು ತಾವಾಗಿ ಮಾತಾಡಿಸಿರಲಿಲ್ಲ. ಈಗ ಹನಿ ಬೀಳತೊಡಗಿದ್ದೇ ಕೊಡೆಯವನು "ನೆನೀತೀಯ ತಮ್ಮಾ, ಈ ಕಡೆ ಬಾ" ಎನ್ನುತ್ತಿದ್ದ. ನಡುವೆ ನುಸುಳಲು ನೋಡಿದ ಇನ್ನೊಬ್ಬನಿಗೆ ಮುದುಕಿ "ಈ ಹುಡುಗ ಏನು ಇಲ್ಲಿ ಅಲಂಕಾರಕ್ಕೆ ನಿಂತಿದಾನಾ?" ಎಂದು ಗದರಿದಳು. ತನ್ನ ಪರವಾಗಿ ಒಬ್ಬರು ಜಗಳಕ್ಕೆ ನಿಂತದ್ದು ಕಂಡು ಅವನಿಗೆ ಅಲ್ಲಿಂದ ಕಾಲು ಕೀಳಲಾಗಲಿಲ್ಲ.

ಸಾಲು ಓಣಿಯ ತಿರುವು ದಾಟಿದ ಮೇಲೆ ಬಾಗಿಲು ತೆರೆಯಿತು. ಬನಿಯನ್ ತೊಟ್ಟ ನಡುವಯಸ್ಸಿನವನೊಬ್ಬ ಕಸದ ಚೀಲ ಹಿಡಿದು ಹೊರಬಂದವನು ಹಾಗೇ ನಿಂತ. ಬೈದು ಓಡಿಸುತ್ತಾನೆಂದು ದುವಾರ್ತೆ ಕಾದ. ಆದರೆ ಅವನೂ ಈ ಊರಿನವನೇ. ಸಾಲಾಗಿ ನಿಂತವರನ್ನು ಹಾಗೇ ಕಳಿಸಲು ಅವನಿಗೆ ಮನಸ್ಸು ಬರಲಿಲ್ಲ.

"ಕ್ಷಮಿಸಿ, ಕಾಯಿಸಿಬಿಟ್ಟೆ," ಎಂದು ಪಕ್ಕಕ್ಕೆ ಸರಿದ. "ಒಬ್ಬೊಬ್ಬರಾಗಿ ಬನ್ನಿ. ಕಾಲು ಒರೆಸ್ಕೊಳ್ಳಿ."

ದುವಾರ್ತೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ವಸ್ತುಸಂಗ್ರಹಾಲಯದಲ್ಲಿ ನಡೆಯುವಂತೆ ಒಳಗೆ ನಡೆದ. ಅರ್ಧ ತಿಂದ ಬ್ರೆಡ್ಡು. ಕುರ್ಚಿಯ ಮೇಲೆ ಒಣಹಾಕಿದ ಕಾಲುಚೀಲ. ಅಗಲವಾದ ಮಂಚದಲ್ಲಿ ಒಂದೇ ಬದಿ ನಲುಗಿದ ಹಾಸಿಗೆ. ಈ ಊರಿನಲ್ಲಿ ಅವನು ಒಳಗೆ ಕಾಲಿಟ್ಟ ಮೊದಲ ಮನೆ ಅದು.

"ಸಕ್ಕರೆ?" ಎಂದ ಆತ.

"ಎರಡು ಚಮಚ."

ಎದುರುಬದುರು ಕೂತು ಇಬ್ಬರೂ ಚಹಾ ಕುಡಿದರು. ಚಹಾ ಮುಗಿದರೂ ಯಾರೂ ಏಳಲಿಲ್ಲ. ಹೊರಗೆ ಮುದುಕಿ ಗಂಟಲು ಸರಿಮಾಡಿಕೊಂಡಳು. ಆತ ನಿಟ್ಟುಸಿರಿಟ್ಟು ಹಿಂಬಾಗಿಲು ತೆಗೆದ.

ಹಿತ್ತಲ ಓಣಿಗೆ ಬರುತ್ತಿದ್ದಂತೆ ಅಮ್ಮನ ಫೋನು.

"ಇವತ್ತೇನಾದ್ರೂ ನೋಡಿದ್ಯೇನೋ?"

"ನೋಡಿದೆ ಅಮ್ಮ. ಚೆನ್ನಾಗಿತ್ತು."

"ತುಂಬಾ ಜನ ಇದ್ರಾ?"

"ಇಲ್ಲಮ್ಮ. ಒಬ್ರೇ ಇದ್ರು."

ಫೋನು ಇಟ್ಟು ಓಣಿ ಸುತ್ತಿ ಓಡಿಬಂದ. ಛಾವಣಿಗಳ ಆಚೆ, ತೀರಾ ಹತ್ತಿರದಲ್ಲೇ, ದೊಡ್ಡ ಗಡಿಯಾರ ಗಂಟೆ ಬಾರಿಸತೊಡಗಿತು. ದುವಾರ್ತೆ ಆ ಕಡೆ ತಿರುಗಲಿಲ್ಲ. ಮುಂದೆ ನಿಂತಿದ್ದವನ ಬೆನ್ನು ತಟ್ಟಿ ಕೇಳಿದ:

"ಸಾರ್, ಕ್ಯೂ ಇಲ್ಲಿಗೇ ಮುಗಿಯುತ್ತಲ್ವಾ?"