ಅತ್ತೆಯ ಮಾರಿ ನೋಡದ ಶಿವಲೀಲಾ

ಹ್ಯಾಂಡಲ್ ಇಲ್ಲದ, ಸವಾರರು ನೋಡಿದ ಕಡೆಗೇ ಹೋಗುವ ಬೈಕುಗಳು ಎಲ್ಲ ಊರುಗಳಿಗೂ ಬಂದವು. ಅವನ್ನು ಕಲಿಯಲು ಎಲ್ಲರಿಗಿಂತ ಹೆಚ್ಚು ಒದ್ದಾಡಿದವರು ಗದಗಿನವರು. ಮಾತಾಡಿಸಿದವರ ಮುಖ ನೋಡದೆ ಮುಂದೆ ಹೋದರೆ ಅಲ್ಲಿ ದೊಡ್ಡ ಅವಮಾನ.

ಶಿವಲೀಲಾ ಆಗಲೇ ಎರಡು ಸಲ ಲೈಸೆನ್ಸ್ ಪರೀಕ್ಷೆಯಲ್ಲಿ ಫೇಲಾಗಿದ್ದಳು. ಒಮ್ಮೆ "ಹೆಂಗದೀಯವಾ?" ಅಂದವರ ಮಿರ್ಚಿ ಬಂಡಿಗೆ ಗುದ್ದಿದ್ದಳು, ಇನ್ನೊಮ್ಮೆ ನಮಸ್ಕಾರ ಅಂದ ಮಾಸ್ತರರ ಅಂಗಳಕ್ಕೇ ನುಗ್ಗಿದ್ದಳು. ಇವತ್ತು ಪಾಸಾದರೆ ರೊಟ್ಟಿ ಕೇಂದ್ರದಿಂದ ಮನೆಮನೆಗೆ ರೊಟ್ಟಿ ಮುಟ್ಟಿಸುವ ಕೆಲಸ ಅವಳದು. ಇಲ್ಲವಾದರೆ ಬೇರೆಯವರ ಪಾಲು.

"ಹೋಗಬೇಕಾದ ಕಡೆ ಅಷ್ಟ ನೋಡವಾ," ಎಂದರು ಹಿಂದಿನ ಸೀಟಿನಲ್ಲಿದ್ದ ಪರೀಕ್ಷೆಯ ಸಾಹೇಬರು, ಹೆಲ್ಮೆಟ್ ಇನ್ನಷ್ಟು ಬಿಗಿದುಕೊಳ್ಳುತ್ತ.

ತಿರುವಿಗೆ ಬರುತ್ತಲೇ ಸೋದರತ್ತೆ ಬಸಲಿಂಗವ್ವನ ದನಿ ಕೇಳಿತು. "ಯವ್ವಾ ಲೀಲಾ! ಎಲ್ಲಿಗೆ ಹೊಂಟಿ? ಚಾ ಕುಡದು ಹೋಗು ಬಾ!"

ಶಿವಲೀಲಾಳ ಕುತ್ತಿಗೆ ತಾನಾಗಿಯೇ ಆ ಕಡೆ ಹೊರಳಿತು. ಗಾಡಿ ಚರಂಡಿಯತ್ತ ವಾಲಿತು. ಅವಳು ಹಲ್ಲು ಕಚ್ಚಿ, ತಿರುವಿನಾಚೆಯ ರಸ್ತೆಗೆ ಕಣ್ಣು ನೆಟ್ಟು, ರಸ್ತೆಗೇ ಹೇಳುವವಳ ಹಾಗೆ ಕೂಗಿದಳು: "ಸಂಜೀಕ ಬರ್ತೇನ್ರಿ ಅತ್ತೀ!"

ಗಾಡಿ ಬೆಣ್ಣೆಯಂತೆ ತಿರುಗಿತು.

ಹಿಂದೆ ಬಸಲಿಂಗವ್ವ ಓಣಿಗೆಲ್ಲ ಕೇಳುವಂತೆ ಶುರುವಿಟ್ಟುಕೊಂಡಳು. "ನೋಡಿದ್ರೇನ್ರೇ? ಸ್ವಂತ ಅತ್ತಿ ಮಾರಿ ಸೈತ ನೋಡಲಿಲ್ಲ! ಏನ್ ಸೊಕ್ಕು ಬಂದೈತಿ ಈಕಿಗೆ!"

ಸಾಹೇಬರು ಹೊಟ್ಟೆತುಂಬ ನಕ್ಕರು. "ಇಷ್ಟು ಸೊಕ್ಕು ಸಾಕವಾ. ಪಾಸ್!"