ಡಬ್ಬಿಯ ಮೇಲೆ ಬರೆಯದೇ ಬಿಟ್ಟದ್ದು

ರಾಣೆಬೆನ್ನೂರಿನಲ್ಲಿ ಸುಮಂಗಲಾ ಅಂತ ಒಬ್ಬ ಹೆಣ್ಣುಮಗಳು. ವಯಸ್ಸು ನಲವತ್ತಾರು. ಓದಿದ್ದು ಏಳನೇ ಕ್ಲಾಸು... ಆದರೆ ಕೈಗುಣ ದೊಡ್ಡದು.

ಮನೆಯಲ್ಲೇ ಮುಖಕ್ಕೆ ಹಚ್ಚುವ ಕ್ರೀಮ್ ಮಾಡುತ್ತಿದ್ದರು. ಕೊಬ್ಬರಿ ಎಣ್ಣೆ, ಬಾದಾಮಿ ಎಣ್ಣೆ, ಜೇನುಮೇಣ. ಘಮಕ್ಕೆಂದು ಪೇಟೆಯಿಂದ ತಂದ ನಿಂಬೆಸಿಪ್ಪೆಯ ಎಣ್ಣೆ.

ಡಬ್ಬಿಯ ಮೇಲೆ ಒಂದೇ ಸಾಲು: "ನೂರಕ್ಕೆ ನೂರು ನೈಸರ್ಗಿಕ. ಕೆಮಿಕಲ್ ಇಲ್ಲವೇ ಇಲ್ಲ."

ಓಣಿಯ ಹೆಂಗಸರೆಲ್ಲ ಆ ಸಾಲನ್ನು ನಂಬಿದ್ದರು. ಎಲ್ಲರಿಗಿಂತ ಹೆಚ್ಚು ನಂಬಿದ್ದವರು ಸ್ವತಃ ಸುಮಂಗಲಕ್ಕ!

ಒಂದು ಏಪ್ರಿಲ್ ಮಧ್ಯಾಹ್ನ ಅದೇ ಓಣಿಯ ಟೇಲರ್ ಮೆಹರುನ್ನಿಸಾ ತಮ್ಮ ಮಗಳನ್ನು ಕರೆದುಕೊಂಡು ಬಂದರು. ಮಗಳ ಹೆಸರು ತಸ್ಲೀಮಾ. ಪೊಲೀಸ್ ಕಾನ್‌ಸ್ಟೆಬಲ್ ಆಗಬೇಕೆಂದು ದಿನಾ ಸ್ಟೇಡಿಯಂನಲ್ಲಿ ಓಟದ ಪ್ರ್ಯಾಕ್ಟೀಸ್ ಮಾಡುತ್ತಿದ್ದ ಹುಡುಗಿ.

ಅವಳು ಮುಖದ ಮೇಲಿನ ದುಪಟ್ಟಾ ಸರಿಸಿದಳು...

ಎರಡೂ ಕೆನ್ನೆ ಸುಟ್ಟಂತೆ ಕೆಂಪಗಾಗಿದ್ದವು. ಅಲ್ಲಲ್ಲಿ ಗುಳ್ಳೆ. ಅಂಚಿನಲ್ಲಿ ಕಪ್ಪು ಕಲೆ.

"ನಿಮ್ಮ ಕ್ರೀಮ್ ಹಚ್ಚಿಕೊಂಡು ಬಿಸಲಾಗ ಓಡಾಕ ಹೋಗಿದ್ಳ್ರಿ ಅಕ್ಕಾ. ಈಗ ನೋಡ್ರಿ ನನ್ನ ಮಗಳ ಮಾರಿ!" ಮೆಹರುನ್ನಿಸಾ ಅತ್ತುಬಿಟ್ಟರು.

ಸುಮಂಗಲಕ್ಕ ಹತ್ತಿರ ಬಂದು ಆ ಕೆನ್ನೆಗಳನ್ನು ನೋಡಿದರು. ಆದರೂ ಬಾಯಿಗೆ ಬಂದದ್ದು ಬೇರೆ ಮಾತು.

"ನನ್ನ ಕ್ರೀಮಿಂದ ಆಗಿದ್ದಲ್ಲವ್ವಾ ಇದು. ಬ್ಯಾರೆ ಏನರ ಹಚ್ಚಿರಬೇಕು. ನಿಂಬಿಹಣ್ಣು ಯಾರನ್ನರ ಸುಡತೈತೇನು?"

ತಸ್ಲೀಮಾ ಅಳಲಿಲ್ಲ, ಜಗಳವನ್ನೂ ಆಡಲಿಲ್ಲ. ಕೈಯಲ್ಲಿದ್ದ ಡಬ್ಬಿಯನ್ನು ಮುಂದೆ ಹಿಡಿದಳು.

"ಆಂಟಿ, ಇದರಾಗ ಏನ ಇಲ್ಲ ಅಂತ ಬರದೀರಿ... ಏನ ಐತಿ ಅಂತ ಬರದಿಲ್ಲ. ನಾಳೆ ಡಾಕ್ಟ್ರು ಕೇಳಿದ್ರ ನಾ ಏನ ಹೇಳ್ಲಿ?"

ಸುಮಂಗಲಕ್ಕ ಡಬ್ಬಿ ಈಸಿಕೊಂಡು ತಾವೇ ಬರೆದ ಸಾಲನ್ನು ಮತ್ತೊಮ್ಮೆ ಓದಿದರು.

ಮರುದಿನ ಬೆಳಿಗ್ಗೆ ಅವರು ಎಲ್ಲ ಎಣ್ಣೆ ಬಾಟಲಿಗಳನ್ನು ಚೀಲಕ್ಕೆ ತುಂಬಿಕೊಂಡು ತಾಯಿ-ಮಗಳ ಜೊತೆ ಚರ್ಮದ ಡಾಕ್ಟರ ಬಳಿಗೆ ಹೊರಟರು.

"ನೀ ಯಾಕ ಹೊಂಟೀ? ಹೋದ್ರ ತಪ್ಪು ಒಪ್ಪಿಕೊಂಡಂಗ ಆಗತೈತಿ" ಎಂದು ನಾದಿನಿ ತಡೆದರು.

"ತಪ್ಪ ಆಗಿದ್ರ ಒಪ್ಪಿಕೋತೀನಿ. ಆಗೇತೋ ಇಲ್ಲೋ ಮೊದಲ ಗೊತ್ತಾಗ್ಲಿ."

ಡಾಕ್ಟರು ಒಂದೊಂದೇ ಬಾಟಲಿ ನೋಡುತ್ತಾ ಹೋದರು. ನಿಂಬೆ ಎಣ್ಣೆಯ ಬಾಟಲಿ ಬಂದಾಗ ಕನ್ನಡಕ ಸರಿಮಾಡಿಕೊಂಡು, ಇಂಗ್ಲಿಷಿನ ಸಣ್ಣ ಅಕ್ಷರಗಳನ್ನು ಓದಿದರು.

"ಹಚ್ಚಿದ ಮೇಲೆ ಬಿಸಿಲಿಗೆ ಹೋಗಬಾರದು ಅಂತ ಇಲ್ಲೇ ಬರೆದಿದ್ದಾರಲ್ಲಮ್ಮಾ... ಸಿಪ್ಪೆಯಿಂದ ಹಿಂಡಿ ತೆಗೆದ ನಿಂಬೆ ಎಣ್ಣೆ ಇದು. ಬಿಸಿಲು ಬಿದ್ದರೆ ಚರ್ಮ ಹೀಗೆ ಸುಡಬಹುದು."

ಅಂಥ ಬಾಟಲಿಗಳನ್ನು ಎರಡು ವರ್ಷದಿಂದ ಸುಮಂಗಲಕ್ಕನೇ ತೆರೆಯುತ್ತಿದ್ದರು. ಯಾರ ಹತ್ತಿರವಾದರೂ ಓದಿಸಿ ಕೇಳಬೇಕು ಅಂತ ಒಮ್ಮೆಯೂ ಅನ್ನಿಸಿರಲಿಲ್ಲ...

"ಕಲೆ ಹೋಗುತ್ತೆ. ಆದರೆ ತಿಂಗಳುಗಟ್ಟಲೆ ಬೇಕು" ಅಂದರು ಡಾಕ್ಟರು.

ಹೊರಗೆ ಬಂದವರೇ ಸುಮಂಗಲಕ್ಕ ಬೆಂಚಿನ ಮೇಲೆ ಕೂತರು. ತಸ್ಲೀಮಾಳ ಕೈ ಹಿಡಿದುಕೊಂಡರು.

"ನಿನ್ನ ಮಾರಿ ಸುಟ್ಟಾಕಿ ನಾನವ್ವಾ. ಇನ್ನ ಈ ಕೆಲಸನ ಬ್ಯಾಡ ನನಗ."

ಮೆಹರುನ್ನಿಸಾ ಮುಖ ತಿರುಗಿಸಿಕೊಂಡರು. ಆದರೆ ತಸ್ಲೀಮಾ ಕೈ ಬಿಡಿಸಿಕೊಳ್ಳಲಿಲ್ಲ.

"ಬಿಟ್ರ ನನ್ನ ಮಾರಿ ಸುಮ್ಮನ ಸುಟ್ಟಂಗ ಆತಲ್ರಿ ಆಂಟಿ. ಕಲೀರಿ. ನಾ ಓದಿ ಹೇಳ್ತೀನಿ."

ಸುಮಂಗಲಕ್ಕ ಮೊದಲು ಮಾಡಿದ ಕೆಲಸ, ಮಾರಿದ ಕ್ರೀಮ್ ವಾಪಸ್ ತರುವುದು. ಉರಿಬಿಸಿಲಲ್ಲಿ ಮನೆಮನೆಗೆ ನಡೆದರು. ಒಬ್ಬಾಕೆ ಬಾಗಿಲಲ್ಲೇ ಬೈದರು. ಕೆಲವರು ನಕ್ಕರು.

"ನನಗೇನೂ ಆಗಿಲ್ಲ ಬಿಡ್ರಿ ಸುಮಕ್ಕಾ."

"ಆಗೂಕಿಂತ ಮೊದಲ ಕೊಟ್ಟುಬಿಡ್ರಿ..."

ಆರು ದಿನ. ಮೂವತ್ತೊಂಬತ್ತು ಡಬ್ಬಿ.

ಆಮೇಲೆ ತಸ್ಲೀಮಾಳ ಪಾಠ ಶುರುವಾಯಿತು. ದಿನಾ ಸಂಜೆ ಅಂಗಡಿಯ ಡಬ್ಬಿಗಳನ್ನು ಮುಂದಿಟ್ಟುಕೊಂಡು ಹಿಂಬದಿಯ ಸಣ್ಣ ಅಕ್ಷರ ಓದುವುದು.

'ಅಕ್ವಾ' ಅಂದರೆ ಬರೀ ನೀರು. 'ಕೋಕೋಸ್ ನ್ಯೂಸಿಫೆರಾ' ಅಂದರೆ ನಮ್ಮ ಕೊಬ್ಬರಿ ಎಣ್ಣೆ. 'ಟೋಕೋಫೆರಾಲ್' ಅಂದರೆ ವಿಟಮಿನ್ ಇ. 'ಸಿಟ್ರಸ್ ಲಿಮನ್' ಕಂಡರೆ ನಿಂಬೆ. ಇನ್ನು 'ಪರ್ಫ್ಯೂಮ್' ಅನ್ನುವ ಒಂದೇ ಪದದ ಹಿಂದೆ ಹತ್ತಾರು ವಸ್ತುಗಳು ಇರಬಹುದು...

ಸುಮಂಗಲಕ್ಕ ಹಣೆ ಹಣೆ ಬಡಿದುಕೊಂಡರು. "ಅಯ್ಯ! ಹೆದರಿಸೋ ಹೆಸರಿಂದು ಕೊಬ್ಬರಿ ಎಣ್ಣಿ, ನಿಂಬಿ ಅಂತ ಮನಿಮಂದಿಯಂಗ ಇರೂ ಹೆಸರಿಂದು ಸುಡೂ ಎಣ್ಣಿ!"

ತಪ್ಪು ಓದಿದರು, ಮತ್ತೆ ಓದಿದರು. ನೋಟ್‌ಬುಕ್ ತುಂಬಿತು, ಇನ್ನೊಂದು ತಂದರು. ಡಾಕ್ಟರ ಹತ್ತಿರ ಮತ್ತೆ ಹೋಗಿ ಕೇಳಿದರು. ಕ್ರೀಮ್ ತಯಾರಿಸಿ ಮಾರುವ ಲೈಸೆನ್ಸಿಗಾಗಿ ಆಫೀಸು ಅಲೆದರು. ಎರಡು ಸಲ ಅರ್ಜಿ ವಾಪಸ್ ಬಂತು... ಮೂರನೇ ಸಲ ಸಿಕ್ಕಿತು.

ತಸ್ಲೀಮಾ ಕೂಡ ನಿಲ್ಲಲಿಲ್ಲ. ಡಾಕ್ಟರು ಹೇಳಿದಂತೆ ಬಿಸಿಲೇರುವ ಮೊದಲೇ ಓಡಿ ಮನೆ ಸೇರುತ್ತಿದ್ದಳು.

ಹತ್ತು ತಿಂಗಳ ನಂತರ ಹೊಸ ಕ್ರೀಮ್ ಬಂತು. ಘಮವಿಲ್ಲ. ನಿಂಬೆ ಇಲ್ಲ. ಡಬ್ಬಿಯ ಮೇಲೆ ಎಲ್ಲವೂ ದಪ್ಪ ಕನ್ನಡ ಅಕ್ಷರದಲ್ಲಿ: ಒಳಗೆ ಏನೇನಿದೆ, ಯಾವಾಗ ಮಾಡಿದ್ದು, ಎಲ್ಲಿಯವರೆಗೆ ಬಳಸಬಹುದು. ಕೊನೆಯಲ್ಲಿ, "ಮೊದಲು ಮೊಣಕೈ ಒಳಭಾಗಕ್ಕೆ ಹಚ್ಚಿ ಒಂದು ದಿನ ಕಾಯಿರಿ. ಉರಿ, ತುರಿಕೆ ಬಂದರೆ ಬಳಸಬೇಡಿ."

ಮೊದಲ ದಿನ ಯಾರೂ ಮುಟ್ಟಲಿಲ್ಲ...

ಸಂಜೆ ಮೆಹರುನ್ನಿಸಾ ಬಂದರು. ಹತ್ತು ತಿಂಗಳಿಂದ ಸುಮಂಗಲಕ್ಕನ ಜೊತೆ ಒಂದು ಮಾತೂ ಆಡಿರದ ಆ ತಾಯಿ, ಡಬ್ಬಿ ಎತ್ತಿಕೊಂಡು ಪ್ರತಿ ಸಾಲನ್ನೂ ಗಟ್ಟಿಯಾಗಿ ಓದಿದರು. ತೋಳು ಸರಿಸಿ ಮೊಣಕೈಗೆ ಸ್ವಲ್ಪ ಹಚ್ಚಿಕೊಂಡರು. ಹಾಗೇ ಹೊರಟುಹೋದರು.

ಮರುದಿನ ಅದೇ ಹೊತ್ತಿಗೆ ಮತ್ತೆ ಬಂದು ಕೈ ಚಾಚಿದರು.

"ನೋಡ್ರಿ ಅಕ್ಕಾ, ಏನೂ ಆಗಿಲ್ಲ. ತಸ್ಲೀಮಾ ಓಟದಾಗ ಪಾಸ್ ಆಗಿ ಟ್ರೇನಿಂಗಿಗೆ ಹೊಂಟಾಳ... ಅಕಿ ಜೋಡಿ ಕಳಸಾಕ ಒಂದ ಡಬ್ಬಿ ಕೊಡ್ರಿ."

ಸುಮಂಗಲಕ್ಕ ಮೆಹರುನ್ನಿಸಾರ ಆ ಕೈಯನ್ನು ಕಣ್ಣಿಗೊತ್ತಿಕೊಂಡು ಅತ್ತುಬಿಟ್ಟರು.

"ನೈಸರ್ಗಿಕ" ಅನ್ನುವ ಪದ ನಂಬಿಕೆ ಹುಟ್ಟಿಸಬಹುದು... ಅದನ್ನು ಉಳಿಸುವುದು ಒಳಗಿರುವುದನ್ನು ತಿಳಿದು, ಬಚ್ಚಿಡದೆ ಹೇಳುವ ಛಲ ಮಾತ್ರ.

ಇವತ್ತು ನೀವು ಮುಖಕ್ಕೆ ಹಚ್ಚಿಕೊಂಡ ಡಬ್ಬಿಯನ್ನು ಒಮ್ಮೆಯಾದರೂ ತಿರುಗಿಸಿ ಓದಿದ್ದೀರಾ?