ಕಳಕಮ್ಮ ಕೊಂಡ ತೊಟ್ಟಿಲು

“ತೊಟ್ಟಿಲಾ ಕೊಡಾಕ ಬರೂದಿಲ್ಲ ಯವ್ವಾ, ದೇಸಾಯರು ಕೇಳ್ಯಾರ. ನಿಮ್ಮ ರೊಕ್ಕ ತಗೋರಿ,” ಎಂದು ಕೊಪ್ಪಳದ ಅಂಗಡಿಕಾರ ದೊಡ್ಡಬಸಪ್ಪ ನಿಜಾಮರ ನಾಣ್ಯದ ಹತ್ತು ಹಾಲಿ ರೂಪಾಯಿಯನ್ನು ಕಳಕಮ್ಮನ ಮುಂದಿಟ್ಟ.

ಕಳಕಮ್ಮ ರೂಪಾಯಿ ಮುಟ್ಟಲಿಲ್ಲ. ಕಿನ್ನಾಳದ ಚಿತ್ರಗಾರರು ಬಣ್ಣ ಬರೆದ ಆ ಮರದ ತೊಟ್ಟಿಲಿಗೆ ಅವಳು ಎರಡು ತಿಂಗಳ ಹಿಂದೆಯೇ ಪೂರ್ತಿ ಹಣ ಕೊಟ್ಟಿದ್ದಳು. ಅದರ ಮೇಲೆ ಗಿಳಿಗಳನ್ನೂ ಹೇಳಿ ಬರೆಸಿದ್ದಳು. ಕಂಕುಳಲ್ಲಿ ಅಳುತ್ತಿದ್ದ ಮೊಮ್ಮಗಳನ್ನು, ಅಂಗಡಿಯ ತೊಲೆಗೆ ತೂಗುಬಿಟ್ಟಿದ್ದ ಅದೇ ತೊಟ್ಟಿಲಲ್ಲಿ ಮಲಗಿಸಿದಳು. ಕೂಸು ಗಿಳಿಗಳನ್ನು ನೋಡುತ್ತ ನೋಡುತ್ತ ನಿದ್ದೆಹೋಯಿತು.

“ತೊಟ್ಟಿಲಾ ಬೇಕಂದ್ರ ನೀವೇ ಎಬ್ಬಸ್ರಿ, ಸಾವ್ಕಾರ್ರ,” ಎಂದಳು ಕಳಕಮ್ಮ.

ದೊಡ್ಡಬಸಪ್ಪ ಸಿಟ್ಟಿನಿಂದಲೇ ಬಗ್ಗಿದ. ಕೂಸು ನಿದ್ದೆಯಲ್ಲಿ ನಕ್ಕಿತು. ಎಬ್ಬಿಸಲು ಚಾಚಿದ ಅವನ ಕೈ ಹಗ್ಗ ಹಿಡಿದು ಮೆಲ್ಲಗೆ ತೂಗಿತು.

“ದೇಸಾಯರಿಗೆ ಬ್ಯಾರೆ ಮಾಡಸ್ತೀನಿ,” ಎಂದು ಪಿಸುಗುಟ್ಟಿದ. “ಕೂಸು ಎದ್ದಮ್ಯಾಲ ಇದನ್ನ ಒಯ್ರಿ ಯವ್ವಾ.”